ಇನ್ನೊಂದೇ ಒಂದು ಆಟ

ಮೊನ್ನೆ ಭಾನುವಾರ ಪಾಂಡವಪುರದಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಮಗ ಫೋನಿನಿಂದ ತಲೆಯೆತ್ತಿ, “ಅಪ್ಪಾ, ಹತ್ತು ರೂಪಾಯಿ ಹಾಕು, ಇನ್ನೊಂದು ಲೈಫ್ ಸಿಗುತ್ತೆ” ಎಂದ. ಲೈಫ್ ಎಂದರೆ ಜೀವ. ಹತ್ತು ರೂಪಾಯಿಗೆ ಒಂದು ಜೀವ! ಪಾಪ, ಸಾವಿತ್ರಿ ಯಮನ ಹಿಂದೆ ಅಷ್ಟು ದೂರ ನಡೆದದ್ದು ದಂಡವಾಯಿತಲ್ಲ ಎಂದು ನಗು ಬಂತು. ಹತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೂ ಕೊಡಲು ಕೈ ಹಿಂಜರಿಯಿತು. ಹಾಗೆ ಹಿಂಜರಿಯುವುದು ಬರಿಯ ಜಿಪುಣತನವೋ, ಅಥವಾ ಅದರ ಹಿಂದೆ ಏನಾದರೂ ನ್ಯಾಯವಿದೆಯೋ ಎಂಬುದೇ ನನ್ನ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುವುದು ಲೇಸು. 1990ರ ಸುಮಾರು. ಕೆ.ಆರ್. ಪೇಟೆಯ ಒಂದು ಅಂಗಡಿಯಲ್ಲಿ ಬೀರುವಿನಷ್ಟೆತ್ತರದ ವಿಡಿಯೋ ಆಟದ ಪೆಟ್ಟಿಗೆ ನಿಂತಿತ್ತು. ಒಂದು ರೂಪಾಯಿ ನಾಣ್ಯ ಹಾಕಿದರೆ ಅದರ ಗಾಜಿನ ಮುಖ ಬೆಳಗುತ್ತಿತ್ತು. ಸೀಮೆಎಣ್ಣೆ ತರಲೆಂದು ಅಜ್ಜಿ ಕೊಟ್ಟಿದ್ದ ಐದು ರೂಪಾಯಿಯನ್ನು ನಾನು ಅದರ ಬಾಯಿಗೆ ಹಾಕಿದೆ. ಕಾಲು ಗಂಟೆಯೂ ಆಗಲಿಲ್ಲ, ಐದೂ ಮುಗಿದವು. ಖಾಲಿ ಡಬ್ಬ ಹಿಡಿದು ಮನೆಗೆ ಬಂದು, ಅಂಗಡಿ ಮುಚ್ಚಿತ್ತು ಎಂದೆ. “ಹೋಗ್ಲಿ ಬಿಡು ಮಗ, ನಾಳೆ ತಂದ್ರಾಯ್ತು” ಎಂದು ಅಜ್ಜಿ ಬುಡ್ಡಿಯ ಬತ್ತಿಯನ್ನು ತಗ್ಗಿಸಿದಳು. ಬೈದಿದ್ದರೆ ಮರೆತುಹೋಗುತ್ತಿತ್ತೇನೊ, ಆ ತಗ್ಗಿದ ಬೆಳಕು ಮಾತ್ರ ಮರೆಯುವುದಿಲ್ಲ.

ತಪ್ಪು ನನ್ನದು, ಸರಿ. ಆದರೆ ಆಟದ ಪಾಲೆಷ್ಟು, ನಾಣ್ಯದ ಪಾಲೆಷ್ಟು? ಇವೆರಡೂ ಹುಟ್ಟಿದ್ದು ಬೇರೆ ಬೇರೆ ಮನೆಗಳಲ್ಲಿ.

ನಾಣ್ಯ ನುಂಗುವ ಯಂತ್ರ ಬಹು ಹಳೆಯದು. ಅದು ಮೊದಲು ಕಾಣುವುದು ದೇವಸ್ಥಾನದಲ್ಲಿ. ಕ್ರಿಸ್ತಶಕ 1ನೆಯ ಶತಮಾನದ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತ ಅದನ್ನು ವರ್ಣಿಸಿದ್ದಾನೆ. ಭಕ್ತನು ಹಾಕಿದ ನಾಣ್ಯ ಒಳಗಿನ ಸನ್ನೆಯ ತುದಿಯ ತಟ್ಟೆಯ ಮೇಲೆ ಬೀಳುತ್ತದೆ. ಭಾರಕ್ಕೆ ತಟ್ಟೆ ವಾಲಿ ನೀರಿನ ಬಾಯಿ ತೆರೆಯುತ್ತದೆ. ನಾಣ್ಯ ಜಾರಿದೊಡನೆ ಬಾಯಿ ಮುಚ್ಚುತ್ತದೆ. ಕಾಸಿನಷ್ಟೇ ತೀರ್ಥ! ಶ್ರೀರಂಗಪಟ್ಟಣದ ರಂಗನಾಥನ ಸನ್ನಿಧಿಯಲ್ಲಿ ಕೈಯೊಡ್ಡಿದವನಿಗೆ ಒಂದು ಉದ್ಧರಣೆ ತೀರ್ಥ ಬೀಳುತ್ತದೆ. ತಟ್ಟೆಗೆ ಹಾಕುವುದು ಅವನವನ ಮನಸ್ಸು. ಹೀರೋವಿನ ಯಂತ್ರದಲ್ಲಿ ಆ ‘ಮನಸ್ಸು’ ಎಂಬುದಕ್ಕೆ ಜಾಗವಿಲ್ಲ.

ಗಾಜಿನ ಮೇಲಿನ ಆಟವಾದರೋ ಹುಟ್ಟಿದಾಗ ಕಾಸಿನ ಮುಖ ಕಂಡಿರಲಿಲ್ಲ. 1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಎರಡು ಆಕಾಶನೌಕೆಗಳ ಕಾಳಗ. ಆಡುವವರು ಇಬ್ಬರು, ಸುತ್ತ ನಿಂತು ಕೂಗುವವರು ಹಲವರು, ಕೊಡಬೇಕಾದ್ದು ಏನೂ ಇಲ್ಲ. ನಮ್ಮ ಜಗಲಿಯ ಚೌಕಾಬಾರದಂತೆಯೇ ಎನ್ನಿ. ಆದರೆ ಆ ಜಗಲಿಯ ಬೆಲೆ ಸುಮಾರು 1,20,000 ಡಾಲರು! ಅಷ್ಟು ದುಬಾರಿ ಕಂಪ್ಯೂಟರಿನ ಬಳಿಗೆ ಹೋಗಬಲ್ಲವರಷ್ಟೆ ಆಡಬಹುದಿತ್ತು.

ಆಟಕ್ಕೂ ನಾಣ್ಯಕ್ಕೂ ಗಂಟು ಬಿದ್ದದ್ದು 1971ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬಿಲ್ ಪಿಟ್ಸ್ ಮತ್ತು ಹ್ಯೂ ಟಕ್ ಎಂಬುವರು ಅದೇ ಆಟವನ್ನು ಪೆಟ್ಟಿಗೆಗೆ ಇಳಿಸಿ, ಹತ್ತು ಸೆಂಟಿಗೊಂದು ಆಟವೆಂದು ಇಟ್ಟರು. ಅದೇ ವರ್ಷ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ‘ಕಂಪ್ಯೂಟರ್ ಸ್ಪೇಸ್’ ಎಂಬ ಪೆಟ್ಟಿಗೆಯನ್ನು ಪೇಟೆಗೆ ತಂದರು. ಈ ಬುಶ್ನೆಲ್ ತರುಣನಾಗಿದ್ದಾಗ ಯೂಟಾ ಪ್ರಾಂತ್ಯದ ಮನರಂಜನಾ ಉದ್ಯಾನವೊಂದರಲ್ಲಿ ಕಾಸಿನ ಆಟಗಳನ್ನು ಆಡಿಸುತ್ತಿದ್ದವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಾತ್ರೆಯವನು. 1972ರಲ್ಲಿ ಅವನ ಸಂಸ್ಥೆಯ ಆಲ್ಕಾರ್ನ್ ರಚಿಸಿದ ‘ಪಾಂಗ್’ ಎಂಬ ಚೆಂಡಾಟವನ್ನು ಕ್ಯಾಲಿಫೋರ್ನಿಯದ ಪಾನಗೃಹವೊಂದರಲ್ಲಿ ಇಟ್ಟರು. ಕೆಲವು ದಿನಗಳಲ್ಲೇ ಯಂತ್ರ ಕೆಟ್ಟಿತೆಂದು ಕರೆ ಬಂತು. ತೆರೆದು ನೋಡಿದರೆ ನಾಣ್ಯ ತುಂಬಿ ತುಳುಕಿ ಬಾಯಿ ಕಟ್ಟಿತ್ತು ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ.

ಈ ಸಂಬಂಧದಿಂದ ಆಟದ ಸ್ವಭಾವವೇ ಬದಲಾಯಿತು. ಜಗಲಿಯ ಆಟ ಮುಗಿಯುವುದು ಆಡುವವರಿಗೆ ಸಾಕಾದಾಗ, ಇಲ್ಲವೆ ಊಟಕ್ಕೆ ಕರೆ ಬಂದಾಗ. ಪೆಟ್ಟಿಗೆಯ ಆಟ ಬೇಗ ಮುಗಿಯಲೇಬೇಕು. ಇಲ್ಲವಾದರೆ ಮುಂದಿನ ನಾಣ್ಯ ಬೀಳದು. ಹಾಗೆಂದು ತೀರ ಬೇಗ ಸೋಲಿಸಿದರೆ ಗಿರಾಕಿ ಮತ್ತೆ ಬಾರನು. ಆದಕಾರಣ, ಇನ್ನೇನು ಗೆದ್ದೆ ಎನ್ನುವ ಹೊತ್ತಿಗೆ ಸೋಲುವಂತೆ ಅದನ್ನು ಹದಗೊಳಿಸಬೇಕು. ನನ್ನ ಐದು ರೂಪಾಯಿ ಹೋದದ್ದು ಈ ಹದದಲ್ಲಿ.

ಇಷ್ಟು ಹೇಳಿ ನಾಣ್ಯವನ್ನು ಶಪಿಸಿ ಮುಗಿಸಿದರೆ ಅನ್ಯಾಯವಾದೀತು. ನಾಣ್ಯವಿಲ್ಲದಿದ್ದರೆ ಆ ಆಟ ಪಂಡಿತರ ಕೋಣೆ ಬಿಟ್ಟು ಕೆ.ಆರ್. ಪೇಟೆಗೆ ಬರುತ್ತಿತ್ತೆ? ಕಾಫಿ ಹೋಟೆಲಿನಲ್ಲಿ ಕೆಲವರಿಗೆ ಲೋಟ ಬೇರೆ ಇಟ್ಟ ಊರುಗಳನ್ನು ಕಂಡವರು ನಾವು. ರೈಲು ನಿಲ್ದಾಣದ ತೂಕದ ಯಂತ್ರ ಮಾತ್ರ ಯಾರ ನಾಣ್ಯ ಎಂದು ಕೇಳಿದ್ದಿಲ್ಲ. ಎಲ್ಲರಿಗೂ ಒಂದೇ ಚೀಟಿ, ಹಿಂಬದಿಯಲ್ಲಿ ಎಲ್ಲರಿಗೂ ಒಳ್ಳೆಯ ಭವಿಷ್ಯ. ಮನುಷ್ಯರಿಂದ ಸಿಗದ ಸಮಾನತೆ ಕಬ್ಬಿಣದಿಂದ ಸಿಕ್ಕಿತೆಂದರೆ ಅದು ಸಣ್ಣ ಮಾತಲ್ಲ.

ಆದರೆ ಜಾತಿ ಕೇಳದ ಯಂತ್ರಕ್ಕೆ ಮುಖವೂ ಕಾಣದು. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಬಯಾಸ್ಕೋಪಿನ ಪೆಟ್ಟಿಗೆ ಹೊತ್ತ ಮುದುಕನೊಬ್ಬ ಬರುತ್ತಿದ್ದ. ಕಾಸಿಲ್ಲದೆ ಸುತ್ತುತ್ತಿದ್ದ ನನ್ನನ್ನು ನೋಡಿ, “ಬಾರ್ಲಾ ಮಗ, ನೀನೂ ಒಂದ್ಸಾರಿ ನೋಡ್ಕೊ” ಎಂದ. ಅವನೂ ಕಾಸಿಗಾಗಿಯೇ ಬಂದವನು. ಆದರೆ ಕಾಸು ಕೇಳುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತಿತ್ತು.

ಬಸ್ಸಿನ ಕಿಟಕಿಯಲ್ಲಿ ಕುಂತಿಬೆಟ್ಟ ಹಿಂದೆ ಸರಿಯುತ್ತಿತ್ತು. ಪಾಂಡವರು ಇಲ್ಲಿದ್ದರೆಂದು ಜನ ನಂಬುತ್ತಾರೆ. ಧರ್ಮರಾಯನ ಮೊದಲನೆಯ ಜೂಜನ್ನು ನಾನು ಹೇಗೋ ಕ್ಷಮಿಸಬಲ್ಲೆ. ಕರೆದಾಗ ಒಲ್ಲೆನೆನ್ನುವುದು ಕ್ಷತ್ರಿಯನಿಗೆ ಕಷ್ಟ. ಕಳೆದದ್ದೆಲ್ಲ ದ್ರೌಪದಿಯ ದೆಸೆಯಿಂದ ಮರಳಿ ಸಿಕ್ಕ ಮೇಲೆ, ಇನ್ನೊಂದೇ ಒಂದು ಆಟ ಎಂದು ಕರೆದರೆ ಮತ್ತೆ ಹೋಗಿ ಕುಳಿತನಲ್ಲ, ಆ ಅನುದ್ಯೂತವೇ ಹದಿಮೂರು ವರ್ಷಗಳ ವನವಾಸ, ಅಜ್ಞಾತವಾಸಗಳಿಗೆ ಕಾರಣ. ನಾಣ್ಯದ ಪೆಟ್ಟಿಗೆಗಳೂ 1980ರ ದಶಕದಲ್ಲಿ ಅನುದ್ಯೂತವನ್ನು ಕಲಿತವು: ಸೋತವನ ಮುಂದೆ ಅಂಕಿಗಳನ್ನು ಹಿಂದುಮುಂದಾಗಿ ಎಣಿಸುತ್ತ, ಅಷ್ಟರೊಳಗೆ ನಾಣ್ಯ ಹಾಕಿದರೆ ನಿಂತಲ್ಲಿಂದಲೇ ಮುಂದುವರಿಯಬಹುದು ಎಂದವು. ಮಗನ ಫೋನು ಕೇಳುವುದೂ ಅದನ್ನೇ.

ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ನಮ್ಮ ಸಂಸತ್ತು ಕಾನೂನು ಮಾಡಿತು. ಹುಡುಗನ ಹತ್ತು ರೂಪಾಯಿಗೆ ಅದು ತಗಲುವುದಿಲ್ಲ. ಅವನಿಗೆ ಹಣದ ಆಸೆಯಿಲ್ಲ. ಸೋಲಬಾರದೆಂಬ ಆಸೆ, ಅಷ್ಟೆ. ಇದನ್ನು ತೀರ್ಮಾನಿಸಬೇಕಾದವರು ಮನೆಯವರೇ. ಬಾಗಿಲಲ್ಲಿ ಕೇಳುವ ಕಾಸು ಬೇರೆ, ಬಿದ್ದವನ ಮುಂದೆ ಚಾಚುವ ಕೈ ಬೇರೆ. ಮೊದಲನೆಯದು ವ್ಯಾಪಾರ, ಜಾತ್ರೆಯ ಮುದುಕನೂ ಅದನ್ನು ಮಾಡಿದ. ಎರಡನೆಯದು ಸೋಲನ್ನು ಒಪ್ಪಲಾರದ ನಮ್ಮ ದೌರ್ಬಲ್ಯದ ಮೇಲೆ ಹಾಕುವ ಸುಂಕ. ಆಟ ನಮಗೆ ಕಲಿಸುವುದೇ ಸೋಲಲು. ಸೋಲನ್ನು ಕಾಸು ಕೊಟ್ಟು ತಪ್ಪಿಸಿಕೊಂಡರೆ ಆಡಿದ್ದಾದರೂ ಏಕೆ?

ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಸೀಮೆಎಣ್ಣೆಯ ಕಥೆಯನ್ನು ಹೇಳಿದೆ. ಪೂರ್ತಿ ಕೇಳಿ, “ಆಮೇಲೆ ಅಜ್ಜಿಗೆ ನಿಜ ಹೇಳಿದ್ಯಾ?” ಎಂದ.

“ಇಲ್ಲ ಕಣೋ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಬಿಡು, ಮೊದಲಿಂದ ಆಡ್ತೀನಿ” ಎಂದು ಮತ್ತೆ ತಲೆ ತಗ್ಗಿಸಿದ. ಮೊದಲಿಂದ ಆಡುವುದಕ್ಕೆ ಕಾಸು ಬೇಕಿರಲಿಲ್ಲ.