ಅಲ್ಪಶಕ್ತಿಯ ನುಡಿಯೂ ಕೇಳುವವನ ಋಣವೂ

ಸ್ವಹಸ್ತದಿಂದ ನಿರ್ಮಿಸಿದ ವಸ್ತುವಿನಲ್ಲಿ ಮನುಷ್ಯನಿಗೆ ಅಭಿಮಾನವಿರುವುದು ಸಹಜ. ಆ ವಸ್ತುವು ಮಿತವ್ಯಯದ್ದೂ ಆಗಿದ್ದರೆ ಅಭಿಮಾನವು ಬಲುಬೇಗ ಧರ್ಮದ ವೇಷವನ್ನು ತೊಡುವುದು. ಪರವಾನಗಿಯನ್ನು ಪಡೆದು, ಮನೆಯಲ್ಲಿಯೇ ಸಣ್ಣ ರೇಡಿಯೋ ಯಂತ್ರಗಳನ್ನು ಕಟ್ಟಿಕೊಂಡು, ದೂರದವರೊಡನೆ ಸಂಭಾಷಿಸುವ ಹವ್ಯಾಸಿಗಳಲ್ಲಿ ಒಂದು ಪಂಗಡದವರಿರುವರು. ಮೋರ್ಸ್ ಸಂಕೇತಗಳನ್ನು ಕಳುಹಿಸುವಾಗ 5 ವ್ಯಾಟಿಗೆ ಮೀರಿದ ಶಕ್ತಿಯನ್ನು ಬಳಸಕೂಡದೆಂಬುದು ಇವರ ವ್ರತ. ಇದನ್ನು ಅವರು ‘ಕ್ಯೂ ಆರ್ ಪಿ’ ಎಂದು ಕರೆಯುತ್ತಾರೆ.

ಇಂಥ ಯಂತ್ರಗಳಲ್ಲಿ ‘ಪಿಕ್ಸಿ’ ಎಂಬುದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. 9 ವೋಲ್ಟಿನ ಬ್ಯಾಟರಿಯಿಂದ ಅದು ಹೊರಡಿಸುವ ಶಕ್ತಿ ಅರ್ಧ ವ್ಯಾಟಿಗೂ ಕಡಮೆ. ಅದರ ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದು ಕಂಪನವನ್ನು ಹುಟ್ಟಿಸುತ್ತದೆ. ಇನ್ನೊಂದು, ಕೀಲಿಯನ್ನು ಒತ್ತಿದಾಗ ಆ ಕಂಪನವನ್ನು ಬಲಪಡಿಸಿ ಏರಿಯಲ್ಲಿಗೆ ಸಾಗಿಸುತ್ತದೆ. ಕೀಲಿಯನ್ನು ಬಿಟ್ಟಾಗ, ಹೊರಗಿನಿಂದ ಬಂದ ಸಂಕೇತವನ್ನು ಅದೇ ಕಂಪನದೊಡನೆ ಬೆರೆಸಿ ಕಿವಿಗೆ ನಿಲುಕುವ ಸ್ವರವನ್ನಾಗಿ ಮಾಡುತ್ತದೆ. ನುಡಿಯುವ ಅಂಗವೇ ಕೇಳುವ ಅಂಗವೂ ಆಗಿರುವ ಈ ಜಾಣ್ಮೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಇಷ್ಟು ಕ್ಷೀಣವಾದ ನುಡಿ ದೂರಕ್ಕೆ ಕೇಳಿಸುವುದಾದರೂ ಹೇಗೆ? ಶಕ್ತಿಯನ್ನು 100 ವ್ಯಾಟಿನಿಂದ 5ಕ್ಕೆ ಇಳಿಸಿದರೆ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತೆಂಬುದು ನಿಜ. ಆದರೆ ಆ ಇಳಿತವು 13 ಡೆಸಿಬೆಲ್ ಮಾತ್ರ. ಗ್ರಾಹಕಯಂತ್ರದ ಮಾಪಕದಲ್ಲಿ 6 ಡೆಸಿಬೆಲ್ಲಿಗೆ ಒಂದು ಮನೆಯಂತೆ, ಮುಳ್ಳು ಎರಡು ಮನೆಗಿಂತ ತುಸು ಹೆಚ್ಚು ಕೆಳಗಿಳಿಯುತ್ತದೆ, ಅಷ್ಟೆ. ಆಕಾಶ ಶಾಂತವಾಗಿದ್ದರೆ ಈ ನಷ್ಟ ಗಣನೆಗೆ ಬಾರದು. ಗದ್ದಲವಿದ್ದ ದಿನವಾದರೋ, ಆಚೆ ಕಡೆಯವನು ಹೆಡ್‌ಫೋನನ್ನು ಕಿವಿಗೆ ಒತ್ತಿ, ಕಣ್ಣುಮುಚ್ಚಿ, ಮತ್ತೊಮ್ಮೆ ಹೇಳೆಂದು ಬೇಡುತ್ತ, ಅಕ್ಷರಕ್ಕೆ ಅಕ್ಷರವನ್ನು ಹೆಕ್ಕಿಕೊಳ್ಳಬೇಕಾಗುತ್ತದೆ. ಈಚೆಯವನು ವಿದ್ಯುತ್ತನ್ನು ಉಳಿಸಿದನು. ಆಚೆಯವನು ಶ್ರಮವನ್ನು ಸುರಿದನು. ಹಾಗಾದರೆ ಮಿತವ್ಯಯದ ಪುಣ್ಯ ಯಾರದು?

1912ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನವು ಅಂಗೀಕರಿಸಿದ ಸಂಕೇತಗಳಲ್ಲಿ ‘ಕ್ಯೂ ಆರ್ ಪಿ’ಯೂ ಒಂದು. ಪ್ರಶ್ನೆಯಾಗಿ ಕಳುಹಿಸಿದಾಗ ಅದಕ್ಕೆ ‘ನನ್ನ ಶಕ್ತಿಯನ್ನು ಇಳಿಸಲೇ?’ ಎಂದು ಅರ್ಥ. ಇದು ಕೇಳುವವನನ್ನು ಕುರಿತ ವಿನಯದ ಪ್ರಶ್ನೆ. ಸಾಕೆನ್ನಲು, ಸಾಲದೆನ್ನಲು ಅವನೇ ಅಧಿಕಾರಿ. ಈಗಲಾದರೋ ಅದೇ ಮೂರಕ್ಷರಗಳನ್ನು ಕೆಲವರು ತಮ್ಮ ಕರೆಹೆಸರಿನ ಮುಂದೆ ಬಿರುದಿನಂತೆ ಹಚ್ಚಿಕೊಳ್ಳುವರು. ಪ್ರಶ್ನೆಯು ಬಿರುದಾದುದು ನನಗೆ ಸರಿದೋರದು. ಹಾಗೆಂದು ಸಾವಿರ ವ್ಯಾಟಿನಿಂದ ಅಬ್ಬರಿಸಿ ನಾಲ್ವರ ಸಂಭಾಷಣೆಯನ್ನು ಮುಳುಗಿಸುವವನ ಪಕ್ಷವನ್ನು ನಾನು ವಹಿಸುವವನಲ್ಲ. ಅವನು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ಇವನು ಕೇಳಿದನು, ಉತ್ತರಕ್ಕಾಗಿ ಕಾಯಲಿಲ್ಲ.

ಯಂತ್ರವನ್ನು ಕಟ್ಟುವಾಗಲೂ ಇದೇ ಪರೀಕ್ಷೆ ಎದುರಾಗುತ್ತದೆ. 7 ಮೆಗಾಹರ್ಟ್ಸಿನಲ್ಲಿ ನುಡಿಯುವ ಯಂತ್ರವು, ಸೋಸುವ ಫಿಲ್ಟರ್ ಇಲ್ಲದಿದ್ದರೆ, 14ರಲ್ಲಿಯೂ 21ರಲ್ಲಿಯೂ ತನ್ನ ಪ್ರತಿಧ್ವನಿಯನ್ನು ಚೆಲ್ಲುತ್ತದೆ. ಫಿಲ್ಟರನ್ನು ಬಿಟ್ಟರೂ ಕಟ್ಟಿದವನ ಸಂಭಾಷಣೆಗೆ ಕುಂದಿಲ್ಲ. ಲೋಪವು ಅವನ ಕಿವಿಗೆ ಬೀಳುವುದೇ ಇಲ್ಲ. ಅದು ಬೀಳುವುದು, ಆ ಆವೃತ್ತಿಯಲ್ಲಿ ತನ್ನಂತೆಯೇ ಕ್ಷೀಣವಾದ ಮತ್ತೊಂದು ನುಡಿಗಾಗಿ ಕಾದು ಕುಳಿತಿರುವ ನೆರೆಯವನ ಕಿವಿಗೆ. ‘ನನ್ನದು ಅರ್ಧ ವ್ಯಾಟು, ಇದರಿಂದ ಯಾರಿಗೇನು?’ ಎನ್ನುವವರಿಗೆ ಈ ನೆರೆಯವನ ನೆನಪಿಲ್ಲ. ಫಿಲ್ಟರಿಗೆ ಬೇಕಾದುದು ತಾಮ್ರದ ತಂತಿಯ ಒಂದೆರಡು ಸುರುಳಿ, ಮೂರುನಾಲ್ಕು ಕೆಪ್ಯಾಸಿಟರು, ಒಂದು ಸಂಜೆಯ ಹೊತ್ತು.