ಧೂಳು ಯಾರ ಪಾಲಿಗೆ?

ನಮ್ಮ ಸಂಘದ ಮನೆಗಳಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸದವರು ಹಲವರಿದ್ದಾರೆ. ಬೇಸ್‌ಮೆಂಟಿನ ಮೂಲೆಯಲ್ಲೊಂದು ಮೇಜು, ಬೆಸುಗೆಯ ಸಾಮಾನು, ಸಾಲುಸಾಲು ತೂತುಗಳಿರುವ ಪರ್ಫ್‌ಬೋರ್ಡು. ಅಂಗಡಿಯಿಂದ ತಂದ ಬೋರ್ಡು ದೊಡ್ಡದು, ಮಗನ ಪುಟ್ಟ ರೇಡಿಯೋಗೆ ಬೇಕಾದದ್ದು ಬೆಂಕಿಪೊಟ್ಟಣದಷ್ಟು. ಕತ್ತರಿಸಲೇಬೇಕು. ಇಷ್ಟು ಸಣ್ಣ ಕೆಲಸದಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು.

ಬಂದದ್ದು ಧೂಳಿನಿಂದ. ಎಫ್‌ಆರ್-4 ಎಂಬ ಬೋರ್ಡು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿದ್ದು. ಗರಗಸವೋ ತಿರುಗುವ ಚಕ್ರವೋ ತಾಗಿದರೆ ನವಿರಾದ ಗಾಜಿನ ಪುಡಿ ಏಳುತ್ತದೆ. ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ, ಗಂಟಲಿಗೆ ಕೆಮ್ಮು. ಆಸ್ತಮಾ ಇದ್ದವರಿಗೆ ಇನ್ನೂ ಕಷ್ಟ. ಹೆದರಿಸುವುದು ನಮ್ಮ ಉದ್ದೇಶವಲ್ಲ. ಈ ಬಗೆಯ ಗಾಜಿನ ಎಳೆಯಿಂದ ಕ್ಯಾನ್ಸರ್ ಬರುತ್ತದೆಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2002ರಲ್ಲಿ ಪ್ರಕಟಿಸಿದೆ.

ಇನ್ನೊಂದು ದಾರಿಯೂ ಇದೆ. ತೂತುಗಳ ನಡುವಿನ ಅಂತರ 2.54 ಮಿ.ಮೀ. ಒಂದು ಸಾಲು ತೂತುಗಳ ಮೇಲೆ ಉಕ್ಕಿನ ಸ್ಕೇಲಿಟ್ಟು ಹರಿತವಾದ ಚಾಕುವಿನಿಂದ ಎರಡೂ ಬದಿ ಹಲವು ಸಲ ಗೀರಿ, ಮೇಜಿನ ಅಂಚಿಗೆ ಒತ್ತಿದರೆ ಬೋರ್ಡು ಮುರಿಯುತ್ತದೆ. ಅಂಚನ್ನು ಸ್ಯಾಂಡ್‌ಪೇಪರಿನಿಂದ ನೀರು ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಒಂದು ಸಾಲು ತೂತು ನಷ್ಟ, ಹತ್ತು ನಿಮಿಷ ಹೆಚ್ಚು.

ಈಗ ಲೆಕ್ಕ ನೋಡೋಣ. ಗೀರಿ ಮುರಿಯುವ ದಾರಿಯ ಖರ್ಚೆಲ್ಲ ನಮ್ಮದೇ: ನಮ್ಮ ಸಮಯ, ನಮ್ಮ ತಾಳ್ಮೆ. ಗರಗಸದ ದಾರಿಯಲ್ಲಿ ಉಳಿತಾಯ ನಮ್ಮದು, ಖರ್ಚಿನಲ್ಲಿ ಮಾತ್ರ ಎಲ್ಲರಿಗೂ ಪಾಲು. ಚಳಿಗಾಲದಲ್ಲಿ ಫರ್ನೇಸಿನ ಗಾಳಿ ಬೇಸ್‌ಮೆಂಟಿನಿಂದ ಮೇಲಿನ ಕೋಣೆಗಳಿಗೂ ಹರಿಯುತ್ತದೆ. ಮೇಲೆ ತೊಟ್ಟಿಲಲ್ಲಿ ಕೂಸಿದೆ, ಊರಿನಿಂದ ಬಂದ ಅತ್ತೆಯವರಿದ್ದಾರೆ. ನಾವು ಮಾಸ್ಕು ಹಾಕಿಕೊಂಡಿರುತ್ತೇವೆ, ಅವರು ಹಾಕಿಕೊಂಡಿಲ್ಲ.

ಆಪರೇಷನ್ನಿಗೆ ಮುಂಚೆ ನಾವು ವೈದ್ಯರು ರೋಗಿಯ ಒಪ್ಪಿಗೆ ಕೇಳುತ್ತೇವೆ. ಅಪಾಯ ನೂರಕ್ಕೆ ಒಂದಿದ್ದರೂ ಕೇಳುತ್ತೇವೆ, ಏಕೆಂದರೆ ದೇಹ ಅವರದು. ತನ್ನ ಶ್ವಾಸಕೋಶದ ವಿಷಯದಲ್ಲಿ ಹವ್ಯಾಸಿ ಏನಾದರೂ ನಿರ್ಧರಿಸಲಿ. ಪಕ್ಕದ ಕೋಣೆಯವರ ಪರವಾಗಿ ಒಪ್ಪಿಗೆ ಕೊಡಲು ಅವನಾರು?

‘ಒಂದು ಚಿಟಿಕೆ ಧೂಳಿಗೆ ಇಷ್ಟೆಲ್ಲ ವೇದಾಂತವೇ?’ ಎನ್ನುವವರಿಗೆ ಒಂದು ಮಾತು. ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿದವರ ಬಟ್ಟೆ ಒಗೆದ ಹೆಂಡತಿಯರಿಗೂ ಎದೆಯ ಕ್ಯಾನ್ಸರ್ ಬಂದದ್ದು ವೈದ್ಯಕೀಯ ಇತಿಹಾಸದಲ್ಲಿದೆ. ನಮ್ಮ ಬೋರ್ಡಿನ ಧೂಳು ಅಷ್ಟು ಕ್ರೂರವಲ್ಲ. ಆದರೆ ಅಲ್ಲಿಯೂ ಆ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಲ್ಲ. ಹಾನಿ ದೊಡ್ಡದಾದಾಗ ಮಾತ್ರ ಕೇಳಬೇಕೆಂದರೆ ಕೇಳುವ ಅಭ್ಯಾಸವೇ ನಮಗೆ ಬರುವುದಿಲ್ಲ.

ಆದ್ದರಿಂದ ಹವ್ಯಾಸಿ ಮಿತ್ರರಲ್ಲಿ ನಮ್ಮ ವಿನಂತಿ: ಸಾಧ್ಯವಾದಲ್ಲಿ ಗೀರಿ ಮುರಿಯಿರಿ. ಗರಗಸ ಬೇಕೇ ಬೇಕೆಂದರೆ ಹೊರಗೆ ಹೋಗಿ ಕತ್ತರಿಸಿ, ಆ ಬಟ್ಟೆ ಬೇರೆಯಾಗಿ ಒಗೆಯಿರಿ. ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ. ರೇಡಿಯೋ ಮಾಡುವುದರ ಜೊತೆಗೆ ಇದನ್ನೂ ಕಲಿಯಲಿ.