ಅಂಕಿತನಾಮ ರೂಢನಾಮವಾಗುವ ಬಗೆ

ಕನ್ನಡ ವ್ಯಾಕರಣ ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನದಿ ರೂಢನಾಮ, ಮಲಪ್ರಭಾ ಅಂಕಿತನಾಮ. ಈ ಎರಡರ ನಡುವಿನ ಗಡಿ ಶಾಶ್ವತವಲ್ಲ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಒಂದು ಕಂಪನಿಯ ಸರಕಿನ ಹೆಸರು. ಮುಂದೆ ಯಾರು ತಯಾರಿಸಿದ ವನಸ್ಪತಿಯಾದರೂ ಜನರ ಬಾಯಲ್ಲಿ ಡಾಲ್ಡಾ ಆಯಿತು. ನಕಲು ತೆಗೆಯುವ ಯಂತ್ರ ಯಾವ ಕಂಪನಿಯದಾದರೂ ಅಂಗಡಿಯ ಫಲಕದಲ್ಲಿ ಝೆರಾಕ್ಸ್ ಎಂದೇ ಇರುತ್ತದೆ.

ಪದದ ಅರ್ಥ ವ್ಯಕ್ತಿಯೋ (ಬಿಡಿ ವಸ್ತು) ಜಾತಿಯೋ (ಅಂಥ ವಸ್ತುಗಳ ಇಡೀ ವರ್ಗ) ಎಂಬ ಹಳೆಯ ಚರ್ಚೆ ಇಲ್ಲಿ ನೆರವಿಗೆ ಬರುತ್ತದೆ. ಪದ ಮೊದಲು ಜಾತಿಯನ್ನೇ ಹೇಳುತ್ತದೆ ಎಂಬುದು ಮೀಮಾಂಸಕರ ವಾದ. ಗೌತಮನ ನ್ಯಾಯಸೂತ್ರ ವ್ಯಕ್ತಿ, ಆಕೃತಿ, ಜಾತಿ ಮೂರನ್ನೂ ಪದಾರ್ಥವೆಂದು ಒಪ್ಪುತ್ತದೆ. ಪತಂಜಲಿಯ ಮಹಾಭಾಷ್ಯ ಜಾತಿ, ಗುಣ, ಕ್ರಿಯಾಶಬ್ದಗಳ ಜೊತೆಗೆ, ಹೆಸರಿಟ್ಟವರ ಇಚ್ಛೆಯನ್ನಷ್ಟೇ ಅವಲಂಬಿಸಿದ ಯದೃಚ್ಛಾಶಬ್ದವನ್ನೂ ಎಣಿಸುತ್ತದೆ. ಬ್ರಾಂಡ್ ಹೆಸರು ಈ ಕೊನೆಯ ವರ್ಗಕ್ಕೆ ಸೇರಿದ್ದು. ಬಳಸುವವರು ತಯಾರಕರನ್ನು ಮರೆತು ಸರಕಿನ ಗುಣ, ಆಕಾರಗಳನ್ನಷ್ಟೇ ಉಳಿಸಿಕೊಂಡಾಗ ಅದು ಜಾತಿಶಬ್ದವಾಗುತ್ತದೆ.

ಊರಿನ ಹೆಸರು ಹೊತ್ತ ಸರಕಿನಲ್ಲಿ ಈ ಬದಲಾವಣೆ ಎರಡು ಹಂತಗಳಲ್ಲಿ ನಡೆಯಬಹುದು. ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿದು, ಸಕ್ಕರೆಪುಡಿಯಲ್ಲಿ ಹೊರಳಿಸುವ ಧಾರವಾಡ ಪೇಡೆಯನ್ನು ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಆರಂಭಿಸಿತು ಎಂಬುದು ಪ್ರತೀತಿ. ಲೈನ್ ಬಜಾರಿನ ಒಂದು ಮನೆತನದ ತಿನಿಸು ಕ್ರಮೇಣ ಅವಳಿ ನಗರದ ಹಲವು ಅಂಗಡಿಗಳದಾಯಿತು. ಇದು ಮೊದಲ ಹಂತ. ಎಲ್ಲಿ ಮಾಡಿದರೂ ಧಾರವಾಡ ಪೇಡೆಯೇ ಎನ್ನುವುದು ಎರಡನೆಯ ಹಂತ. ಸರಕಿನ ಹೆಸರನ್ನು ಅದರ ಊರಿಗೆ ಮೀಸಲಿಡುವ ಭೌಗೋಳಿಕ ಸೂಚಕ ಮಾನ್ಯತೆ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ತಡೆಯುತ್ತದೆ. ತನ್ನ ನಾಡಿನಲ್ಲೇ ರೂಢನಾಮವಾಗಿಬಿಟ್ಟ ಹೆಸರಿಗೆ 1999ರ ಕಾಯ್ದೆ ಈ ಮಾನ್ಯತೆ ಕೊಡುವುದಿಲ್ಲ.

ಮದ್ಯದ ಹೆಸರುಗಳಿಗೆ ಕಾವಲು ಇನ್ನೂ ಬಿಗಿ. ಶಾಂಪೇನ್ ಫ್ರಾನ್ಸಿನ ಒಂದು ಪ್ರದೇಶದ ಹೆಸರು. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದ 23ನೇ ವಿಧಿಯ ಪ್ರಕಾರ ಬೇರೆಡೆ ತಯಾರಿಸಿದ ವೈನ್, ಮದ್ಯಗಳಿಗೆ ಇಂಥ ಹೆಸರನ್ನು ‘ಮಾದರಿ’ ಎಂದು ಸೇರಿಸಿಯೂ ಬಳಸುವಂತಿಲ್ಲ. ಆ ಹೆಸರು ರೂಢನಾಮವಾಗಿರುವ ದೇಶಗಳಿಗೆ ವಿನಾಯಿತಿ ಇದೆ. ಪೇಡೆಯಂಥ ಸರಕಿಗಾದರೆ ಕೊಳ್ಳುವವರು ಮೋಸಹೋಗುತ್ತಾರೆಂದು ತೋರಿಸಬೇಕು. ಆದರೂ ಕಾವಲಿಗೆ ಮಿತಿಯಿದೆ. ಬೆಂಗಳೂರಿನ ಖೋಡೆ ಕಂಪನಿಯ ‘ಪೀಟರ್ ಸ್ಕಾಟ್’ ವಿಸ್ಕಿಯ ಹೆಸರಿನ ವಿರುದ್ಧ ಸ್ಕಾಚ್ ವಿಸ್ಕಿ ತಯಾರಕರು ಸಲ್ಲಿಸಿದ್ದ ಅರ್ಜಿ 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅವರು ಬಹುಕಾಲ ಸುಮ್ಮನಿದ್ದದ್ದು ಅದಕ್ಕೆ ಒಂದು ಕಾರಣ.

ಹೆಸರನ್ನು ಉಳಿಸುವುದು ಕಾನೂನೊಂದೇ ಅಲ್ಲ, ಕೊಳ್ಳುವವರ ನಿರೀಕ್ಷೆಯೂ ಹೌದು. ಧಾರವಾಡ ಪೇಡೆ ಕೇಳುವವರ ಮನಸ್ಸಿನಲ್ಲಿ ರುಚಿಯ ಜೊತೆ ಊರೂ ಇರುವವರೆಗೆ, ಬೇರೆಡೆ ಮಾಡಿದ್ದಕ್ಕೆ ಆ ಹೆಸರಿಡುವುದು ಸುಳ್ಳೇ ಆಗುತ್ತದೆ.